ನೃಗರಾಜನ ದಾನವೂ ಆಮೆಯ ಮೊಸರನ್ನವೂ

ಭಾಗವತದ ದಶಮಸ್ಕಂಧದಲ್ಲಿ ನೃಗರಾಜನ ಕಥೆಯೊಂದು ಬರುತ್ತದೆ. ವಾಚಕರಲ್ಲಿ ಅನೇಕರು ಅದನ್ನು ಮನೆಯ ಹಿರಿಯರಿಂದಲೋ ಪುರಾಣಿಕರಿಂದಲೋ ಕೇಳಿರಬಹುದು. ನೃಗನು ಮಹಾದಾನಿ, ಗೋದಾನದಲ್ಲಿ ಅವನಿಗೆ ಸಮಾನರಿಲ್ಲವೆಂದು ಕೀರ್ತಿ. ಒಮ್ಮೆ ಬ್ರಾಹ್ಮಣನೊಬ್ಬನ ಹಸುವು ತಪ್ಪಿಸಿಕೊಂಡು ಬಂದು ಅರಸನ ಮಂದೆಯಲ್ಲಿ ಸೇರಿಕೊಂಡಿತು. ಅದನ್ನರಿಯದ ಅರಸನು ಆ ಹಸುವನ್ನೇ ಇನ್ನೊಬ್ಬನಿಗೆ ದಾನಮಾಡಿದನು. ಇಬ್ಬರಿಗೂ ವ್ಯಾಜ್ಯ ಬಿದ್ದಿತು. ಒಂದು ಹಸುವಿಗೆ ಬದಲಾಗಿ ಲಕ್ಷ ಹಸುಗಳನ್ನು ಕೊಡುವೆನೆಂದು ಅರಸನು ಬೇಡಿಕೊಂಡರೂ ಇಬ್ಬರೂ ಒಪ್ಪದೆ ಹೊರಟುಹೋದರು. ಕಾಲಾಂತರದಲ್ಲಿ ಯಮಸಭೆಯಲ್ಲಿ, ಪುಣ್ಯಫಲವು ಮೊದಲೋ ಪಾಪಫಲವು ಮೊದಲೋ ಎಂದು ಕೇಳಿದಾಗ, ಪಾಪಫಲವೇ ಮೊದಲಾಗಲಿ ಎಂದು ನೃಗನು ಹೇಳಿದನಂತೆ. ಕೂಡಲೆ ಓತಿಯಾಗಿ ನೀರಿಲ್ಲದ ಬಾವಿಯೊಂದರಲ್ಲಿ ಬಿದ್ದನು. ಬಹುಕಾಲದ ಮೇಲೆ ಶ್ರೀಕೃಷ್ಣನ ಕೈ ಸೋಕಿದಾಗ ಅವನಿಗೆ ಬಿಡುಗಡೆಯಾಯಿತು.

ಪಾಠಶಾಲೆಯಲ್ಲಿ ಈ ಕಥೆಯನ್ನು ಓದಿದಾಗ ಇದು ಅನ್ಯಾಯವೆಂದೇ ನನಗೆ ತೋರಿತ್ತು. ಅರಸನು ಕಳ್ಳನಲ್ಲ, ಲೋಭಿಯಲ್ಲ. ಕೊಡಬೇಕೆಂಬ ಒಳ್ಳೆಯ ಮನಸ್ಸಿನಿಂದ ಕೊಟ್ಟವನು. ಅರಿಯದೆ ಆದ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆಯೆ? ಒಳ್ಳೆಯ ಮನಸ್ಸಿನಿಂದ ಮಾಡಿದ ಕಾರ್ಯವು ಇನ್ನೊಬ್ಬರಿಗೆ ಕೇಡಾಗಿ ಮುಗಿದರೆ, ಆ ಕೇಡಿನ ಹೊಣೆ ಯಾರದು? ಗುರುಗಳನ್ನು ಕೇಳಿದೆ. “ಮುಂದೆ ನಿನಗೇ ತಿಳಿಯುತ್ತದೆ” ಎಂದು ಅವರು ಮುಂದಿನ ಶ್ಲೋಕಕ್ಕೆ ಹೋದರು. ಅವರು ಹೇಳಿದಂತೆಯೇ ಆಯಿತು. ಪಾಠವು ದೊರೆತದ್ದು ಒಂದು ಆಮೆಯಿಂದ. ಆ ಸಂಗತಿಯು ನನಗೆ ಕೀರ್ತಿಕರವಾದುದಲ್ಲವಾದರೂ ವಿಚಾರಕ್ಕೆ ಆಧಾರವಾಗಿರುವುದರಿಂದ ಮೊದಲು ಅದನ್ನು ಹೇಳಿಬಿಡುತ್ತೇನೆ.

ನಮ್ಮ ಗುಂಡ್ಲುಪೇಟೆಯ ಸೀಮೆಯು ಒಂದು ಕಡೆ ಬಂಡೀಪುರದ ಕಾಡನ್ನೂ ಇನ್ನೊಂದು ಕಡೆ ಬಯಲಿನ ಹೊಲಗಳನ್ನೂ ಕಟ್ಟಿಕೊಂಡಿರುವುದಷ್ಟೆ. ಮುಂಗಾರು ಬಿದ್ದು ಸೂರ್ಯಕಾಂತಿ, ಚೆಂಡುಹೂಗಳ ಹೊಲಗಳಲ್ಲಿ ಕೆಲಸ ಮೊದಲಾಗುವ ಹೊತ್ತಿಗೆ, ಬದುಗಳ ಕುರುಚಲು ಗಿಡಗಳ ನಡುವೆ ನಕ್ಷತ್ರದ ಆಮೆಯು ಅಪರೂಪವಾಗಿ ಕಣ್ಣಿಗೆ ಬೀಳುವುದುಂಟು. ಇದು ನೆಲದ ಆಮೆ, ಕೆರೆಯದಲ್ಲ. ಕಪ್ಪು ಚಿಪ್ಪಿನ ಒಂದೊಂದು ಉಬ್ಬಿನ ನೆತ್ತಿಯಿಂದಲೂ ಹಳದಿಯ ಗೆರೆಗಳು ಕಿರಣಗಳಂತೆ ಹರಡಿರುವುದರಿಂದ ಅದಕ್ಕೆ ಆ ಹೆಸರು. ಸುಮಾರು 20 ವರ್ಷಗಳ ಹಿಂದೆ, ನಾನಿನ್ನೂ ಕೆಲಸದಲ್ಲಿದ್ದಾಗ, ನನ್ನ ಶಿಷ್ಯನೊಬ್ಬನು ಅಂಗೈಯಗಲದ ಇಂಥದೊಂದು ಆಮೆಯನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಬಂದನು. “ಉಳೋವಾಗ ಸಿಕ್ತು ಸಾ, ನೀವೇ ಮಡೀಕಳಿ” ಎಂದನು. ಗುರುಕಾಣಿಕೆಯೆಂದು ತಂದವನನ್ನು ಹಿಂದಕ್ಕೆ ಕಳುಹಿಸಲಾರದೆ ಅದನ್ನು ಇಟ್ಟುಕೊಂಡೆನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧವೆಂಬುದು ನನಗೆ ಆಗ ತಿಳಿದಿರಲಿಲ್ಲ; ತಿಳಿಯದಿದ್ದುದು ನನ್ನ ತಪ್ಪು.

ಕೂರ್ಮವು ವಿಷ್ಣುವಿನ ಎರಡನೆಯ ಅವತಾರ. ಮನೆಯವರು ಅದಕ್ಕೆ ಕೂರ್ಮಸ್ವಾಮಿಯೆಂದೇ ಹೆಸರಿಟ್ಟರು. ನಾಯಿಗಳ ಬಾಧೆಯಿಲ್ಲದಿರಲೆಂದೂ ಬಿಸಿಲು ತಾಗದಿರಲೆಂದೂ ಹಿಂಬದಿಯ ಪಡಸಾಲೆಯಲ್ಲಿ, ಸಾರಿಸಿ ಗುಡಿಸಿದ ನೆಲದ ಮೇಲೆ, ಅದಕ್ಕೊಂದು ಮೂಲೆಯನ್ನು ಮಾಡಿಕೊಟ್ಟೆವು. ದೇವರಿಗೆ ನೈವೇದ್ಯವಾದೊಡನೆ ಬಾಳೆಯೆಲೆಯ ತುಂಡಿನಲ್ಲಿ ಮೊಸರನ್ನ. ಮಧ್ಯಾಹ್ನ ಮಾಗಿದ ಬಾಳೆಹಣ್ಣು. ಸಂಜೆ ಹಾಲಿನಲ್ಲಿ ನೆನೆಸಿದ ಅವಲಕ್ಕಿ. ಅದೂ ಆಸೆಯಿಂದಲೇ ತಿನ್ನುತ್ತಿದ್ದಿತು. ಅದು ತಿನ್ನುವುದನ್ನು ನೋಡುತ್ತ ಕುಳಿತು ನಾವು ಎಷ್ಟು ಸಂತೋಷಪಟ್ಟೆವೋ ಹೇಳತೀರದು. ಎರಡು ತಿಂಗಳಾಗುವಷ್ಟರಲ್ಲಿ ಅದಕ್ಕೆ ಭೇದಿ ಹಿಡಿಯಿತು. ಮೂಗಿನಲ್ಲಿ ನೀರು ಬರತೊಡಗಿತು, ಕಣ್ಣು ಊದಿಕೊಂಡಿತು, ಚಿಪ್ಪನ್ನು ಬೆರಳಿನಿಂದ ಒತ್ತಿದರೆ ಮೆತ್ತಗೆ ತಗ್ಗುವಂತಾಯಿತು. ಕಾರ್ತೀಕದ ಚಳಿಯಲ್ಲಿ ಒಂದು ಬೆಳಗ್ಗೆ ಅದು ಸತ್ತಿತ್ತು. “ಅದರ ಆಯುಸ್ಸು ಅಷ್ಟೇ ಇದ್ದಿತು” ಎಂದು ನಾನು ಹೇಳಿದೆನು. ಹಿತ್ತಲ ತೆಂಗಿನ ಮರದ ಬುಡದಲ್ಲಿ ಅದನ್ನು ಮಣ್ಣುಮಾಡಿದೆವು.

ಹಲವು ವರ್ಷಗಳ ಮೇಲೆ ಪಶುವೈದ್ಯರಾದ ಮಿತ್ರರೊಬ್ಬರ ಸಂಗಡ ಮಾತು ಬಂದಾಗ ಈ ವೃತ್ತಾಂತವನ್ನು ಹೇಳಿದೆನು. ಮೊಸರನ್ನದ ಮಾತು ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಮೇಷ್ಟ್ರೇ, ತಾವು ಅದಕ್ಕೆ ಇಟ್ಟದ್ದು ತಮ್ಮ ಊಟ. ಅದರ ಊಟವನ್ನು ಅದಕ್ಕೆ ಯಾರೂ ಇಡಲಿಲ್ಲ” ಎಂದರು. ಆ ಮಾತಿನ ಪೂರ್ತಿ ಅರ್ಥವನ್ನು ತಿಳಿಯಬೇಕಾದರೆ ಸರೀಸೃಪಗಳ ಹೊಟ್ಟೆಯೊಳಗಿನ ವ್ಯವಸ್ಥೆಯನ್ನು ಕೊಂಚ ಅರಿಯಬೇಕು. ಅವರಿಂದ ಕೇಳಿದುದನ್ನೂ ಆಮೇಲೆ ಓದಿದುದನ್ನೂ ಸಂಗ್ರಹವಾಗಿ ಹೇಳುತ್ತೇನೆ.

ನಕ್ಷತ್ರದ ಆಮೆಯು ಮುಖ್ಯವಾಗಿ ಹುಲ್ಲು, ಸೊಪ್ಪು, ಹೂವು, ಉದುರಿದ ಕಾಯಿಗಳನ್ನು ತಿಂದು ಬದುಕುವ ಪ್ರಾಣಿ. ಹುಲ್ಲಿನ ನಾರನ್ನು ಕರಗಿಸುವ ಶಕ್ತಿಯು ಆಮೆಗೆ ಸ್ವತಃ ಇಲ್ಲ. ನಮಗೂ ಇಲ್ಲ, ಹಸುವಿಗೂ ಇಲ್ಲ. ಹಸುವಿನ ಹೊಟ್ಟೆಯ ಮೊದಲ ಕೋಣೆಯಲ್ಲಿಯೂ ಆಮೆಯ ದೊಡ್ಡ ಕರುಳಿನಲ್ಲಿಯೂ ಬ್ಯಾಕ್ಟೀರಿಯ ಎಂದು ಕರೆಯುವ ಸೂಕ್ಷ್ಮಜೀವಿಗಳು ಅಸಂಖ್ಯವಾಗಿ ವಾಸಮಾಡುತ್ತವೆ. ಅವು ನಾರನ್ನು ನಿಧಾನವಾಗಿ ಹುದುಗಿಸಿ, ಮೈಗೆ ಬಲಕೊಡುವ ಆಮ್ಲಗಳನ್ನಾಗಿ ಮಾಡಿ, ತಮ್ಮ ಆತಿಥೇಯನಿಗೆ ಒಪ್ಪಿಸುತ್ತವೆ. ಆಮೆಯಲ್ಲಿ ಈ ಕೆಲಸವು ಒಂದೆರಡು ಗಂಟೆಗಳದಲ್ಲ. ತಿಂದ ಹುಲ್ಲು ಹೊರಬೀಳುವುದಕ್ಕೆ ದಿನಗಳೇ, ಕೆಲವು ವೇಳೆ ವಾರಗಳೇ ಹಿಡಿಯುತ್ತವೆ. ಹೀಗೆ ಆಮೆಯ ಹೊಟ್ಟೆಯು ಒಂದು ಊರಿನ ಹಾಗೆ. ಅಲ್ಲಿ ಬಗೆಬಗೆಯ ಕಸುಬಿನವರಿದ್ದಾರೆ, ಒಬ್ಬರ ಉತ್ಪತ್ತಿಯನ್ನು ಮತ್ತೊಬ್ಬರು ಉಣ್ಣುತ್ತಾರೆ, ಎಲ್ಲರಿಗೂ ತಕ್ಕಷ್ಟು ಸ್ಥಳವಿರುತ್ತದೆ. ಹೊರಗಿನ ಕಳ್ಳಕಾಕರಿಗೆ ಮಾತ್ರ ಎಡೆಯಿರುವುದಿಲ್ಲ.

ಇಂಥ ಊರಿನೊಳಕ್ಕೆ ನಾನು ಪ್ರತಿದಿನವೂ ಅನ್ನವನ್ನೂ ಬಾಳೆಹಣ್ಣನ್ನೂ ಸುರಿದೆನು. ನಾರನ್ನು ನಂಬಿದ ಜೀವಿಗಳಿಗೆ ಉಪವಾಸ ಬಿದ್ದಿತು. ಪಿಷ್ಟವನ್ನೂ ಸಕ್ಕರೆಯನ್ನೂ ಉಣ್ಣುವ ಜೀವಿಗಳು ಒಮ್ಮೆಗೇ ಬೆಳೆದು ಹೊಟ್ಟೆಯಲ್ಲಿ ಹುಳಿಯೇರಿತು. ಸರೀಸೃಪಗಳು ತಮ್ಮ ಬಾಳಿನ ಯಾವ ಕಾಲದಲ್ಲಿಯೂ ಹಾಲನ್ನು ಕುಡಿಯುವವಲ್ಲ. ಅವುಗಳಲ್ಲಿ ಮೊಲೆಯೂಡುವ ತಾಯಿಯೇ ಇಲ್ಲ. ಆದುದರಿಂದ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಏರ್ಪಾಡೂ ಅವುಗಳ ಕರುಳಿನಲ್ಲಿ ಇಲ್ಲ. ಜೀರ್ಣವಾಗದ ಆ ಸಕ್ಕರೆಯು ಭೇದಿಯನ್ನು ತರುತ್ತದೆ. ಅನ್ನ ಬಾಳೆಹಣ್ಣುಗಳಲ್ಲಿ ಸುಣ್ಣದ ಅಂಶವು ಕಡಮೆ. ಆ ಸುಣ್ಣವಾದರೂ ಮೈಗೆ ಹತ್ತಬೇಕಾದರೆ ಬಿಸಿಲು ಬೇಕು. ನಾನೋ, ಪ್ರೀತಿಯಿಂದ ಬಿಸಿಲನ್ನೂ ತಪ್ಪಿಸಿದ್ದೆನು. ಚಿಪ್ಪು ಮೆತ್ತಗಾದುದು ಹೀಗೆ.

ಮೂಗಿನ ನೀರೂ ಕಣ್ಣಿನ ಊತವೂ ಬಂದುದಕ್ಕೆ ಕಾರಣವು ಇನ್ನೂ ಒಂದು ಹೆಜ್ಜೆ ಆಳದಲ್ಲಿದೆ. ಜೀರ್ಣಶಕ್ತಿಯೂ ರೋಗನಿರೋಧಕ ಶಕ್ತಿಯೂ ಬೇರೆ ಬೇರೆಯೆಂದು ನಾವು ಎಣಿಸುತ್ತೇವೆ. ದೇಹದ ಕಾವಲುಗಾರರಲ್ಲಿ ಬಹುಭಾಗವು ಇರುವುದು ಕರುಳಿನ ಗೋಡೆಯ ಬಳಿಯಲ್ಲಿಯೇ. ಹುಟ್ಟಿದಂದಿನಿಂದ ಒಂದು ಸೂಕ್ಷ್ಮಜೀವಿಯೂ ಸೋಕದಂತೆ ಪ್ರಯೋಗಶಾಲೆಯಲ್ಲಿ ಬೆಳೆಸಿದ ಇಲಿಗಳಲ್ಲಿ ಈ ಕಾವಲು ಪೂರ್ತಿ ಬಲಿಯುವುದೇ ಇಲ್ಲವೆಂದು ವಿಜ್ಞಾನಿಗಳು ಕಂಡಿದ್ದಾರೆ. ಯಾರು ನೆಂಟರು, ಯಾರು ಕಳ್ಳರು ಎಂಬ ವಿವೇಕವನ್ನು ಕಾವಲುಗಾರನಿಗೆ ಕಲಿಸುವವರು ಒಳಗಿನ ಒಕ್ಕಲುಗಳೇ. ಆ ಒಕ್ಕಲು ಚೆದುರಿದರೆ ಕಾವಲೂ ಕೆಡುತ್ತದೆ.

ಸರೀಸೃಪಗಳ ಕಾವಲಿಗೆ ಮತ್ತೊಂದು ವಿಶೇಷವುಂಟು. ಬಂದ ಶತ್ರುವಿಗೆ ತಕ್ಕ ಆಯುಧವನ್ನು ಹೊಸದಾಗಿ ಸಿದ್ಧಪಡಿಸುವುದರಲ್ಲಿ ಅವು ನಮ್ಮಷ್ಟು ಚುರುಕಲ್ಲ; ಹುಟ್ಟಿನಿಂದ ಬಂದ ಸಾಮಾನ್ಯ ಕಾವಲನ್ನೇ ಹೆಚ್ಚಾಗಿ ನಂಬಿವೆ. ಆ ಕಾವಲಿನ ಬಲವು ಮೈಶಾಖವನ್ನು ಅನುಸರಿಸುತ್ತದೆ. ಮೈಶಾಖವು ಸೂರ್ಯನನ್ನು ಅನುಸರಿಸುತ್ತದೆ. 1975ರಲ್ಲಿ ಮ್ಯಾಥ್ಯೂ ಕ್ಲೂಗರ್ ಎಂಬ ಅಮೆರಿಕದ ವಿಜ್ಞಾನಿಯೂ ಅವನ ಸಂಗಡಿಗರೂ ಮರುಭೂಮಿಯ ಇಗ್ವಾನಗಳೆಂಬ ಓತಿಗಳಿಗೆ ರೋಗಾಣುಗಳನ್ನು ಸೇರಿಸಿ, 34ರಿಂದ 42 ಡಿಗ್ರಿಯವರೆಗೆ ಬೇರೆ ಬೇರೆ ಶಾಖಗಳಲ್ಲಿಟ್ಟು ನೋಡಿದರು. ಶಾಖವು ಹೆಚ್ಚಿದಂತೆಲ್ಲ ಬದುಕಿಕೊಂಡವುಗಳ ಸಂಖ್ಯೆಯೂ ಹೆಚ್ಚಿದ್ದಿತು. ಸ್ವತಂತ್ರವಾಗಿ ಬಿಟ್ಟರೆ ರೋಗಪೀಡಿತವಾದ ಓತಿಯು ತಾನೇ ಬಿಸಿಯಾದ ಸ್ಥಳಕ್ಕೆ ಹೋಗಿ ಮೈಕಾಯಿಸಿಕೊಳ್ಳುತ್ತದೆ. ನಮಗೆ ಜ್ವರವು ಒಳಗಿನಿಂದ ಬರುವುದು. ಅದು ಜ್ವರವನ್ನು ಬಿಸಿಲಿನಿಂದ ತಂದುಕೊಳ್ಳುವುದು. ಹಾಗೆಂದು ಶಾಖವು ಹೆಚ್ಚಿದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಯೂರೋಪಿನ ಒಂದು ಜಾತಿಯ ಹಲ್ಲಿಗಳನ್ನು ಇದ್ದುದಕ್ಕಿಂತ 2–3 ಡಿಗ್ರಿ ಹೆಚ್ಚಿನ ಬೆಚ್ಚನೆಯ ಹವೆಯಲ್ಲಿಟ್ಟು ನೋಡಿದಾಗ, ಅವುಗಳ ಕರುಳಿನ ಸೂಕ್ಷ್ಮಜೀವಿಗಳ ವೈವಿಧ್ಯವು ನೂರಕ್ಕೆ 34ರಷ್ಟು ಕುಗ್ಗಿತೆಂದು 2017ರಲ್ಲಿ ಪ್ರಕಟವಾಯಿತು. ಎಲ್ಲಿ, ಯಾವಾಗ, ಎಷ್ಟು ಎಂಬುದನ್ನು ಆ ಪ್ರಾಣಿಯ ಮೈಯೇ ಬಲ್ಲದು. ನನ್ನ ಆಮೆಗೆ ಕಾರ್ತೀಕದ ಚಳಿಯಲ್ಲಿ ಬಿಸಿಲಿಗೆ ಹೋಗುವ ದಾರಿಯಿರಲಿಲ್ಲ. ಪಡಸಾಲೆಯ ಬಾಗಿಲಿಗೆ ನಾನೇ ಹಲಗೆಯನ್ನು ಅಡ್ಡವಿಟ್ಟಿದ್ದೆನು.

ಇನ್ನೊಂದು ಸಂಗತಿಯು ನನ್ನಂಥ ಆಚಾರವಂತರ ಮನೆಯವನಿಗೆ ವಿಶೇಷವಾಗಿ ನಾಟಿತು. ಸೊಪ್ಪು ತಿಂದು ಬದುಕುವ ಹಸುರು ಇಗ್ವಾನದ ಮರಿಗಳನ್ನು ಕ್ಯಾಥರಿನ್ ಟ್ರಾಯರ್ ಎಂಬ ವಿದುಷಿಯು ಪನಾಮಾ ದೇಶದಲ್ಲಿ ಪರೀಕ್ಷಿಸಿ 1982ರಲ್ಲಿ ಪ್ರಕಟಿಸಿದಳು. ಆ ಮರಿಗಳು ಹುಟ್ಟಿದ ಮೊದಲಲ್ಲಿ ಮಣ್ಣನ್ನು ತಿನ್ನುತ್ತವೆ. ಅನಂತರ ದೊಡ್ಡ ಇಗ್ವಾನಗಳ ಬಳಿ ಸೇರಿ ಅವುಗಳ ಮಲವನ್ನು ತಿನ್ನುತ್ತವೆ. ನಾರನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ಹಿರಿಯರಿಂದ ಕಿರಿಯರಿಗೆ ಬರುವುದು ಹೀಗೆ. ನಮಗೆ ಮೈಲಿಗೆಯಾದುದು ಅವುಗಳಿಗೆ ಪಿತ್ರಾರ್ಜಿತ. ಮಣ್ಣು ಸೋಕದ, ದಿನವೂ ಒರೆಸಿದ ನೆಲದ ಮೇಲೆ ಆಮೆಯನ್ನಿಟ್ಟು, ಮಡಿಯಾಗಿ ನೋಡಿಕೊಂಡೆನೆಂದು ನಾನು ಹೆಮ್ಮೆಪಟ್ಟಿದ್ದೆನಲ್ಲವೆ?

ನಮ್ಮ ಆಯುರ್ವೇದದಲ್ಲಿ ಸಾತ್ಮ್ಯವೆಂಬ ಮಾತಿದೆ. ಯಾವ ಆಹಾರವಿಹಾರಗಳು ಒಬ್ಬನ ದೇಹಕ್ಕೆ ಅಭ್ಯಾಸದಿಂದ ಒಗ್ಗಿ ಹಿತವಾಗಿರುವುವೋ ಅವು ಅವನಿಗೆ ಸಾತ್ಮ್ಯ. ದೇಶ, ಕಾಲ, ಪ್ರಕೃತಿಗಳನ್ನು ನೋಡದೆ ಯಾವ ಪದಾರ್ಥವನ್ನೂ ಹಿತವೆಂದಾಗಲಿ ಅಹಿತವೆಂದಾಗಲಿ ಹೇಳಲಾಗದು. ಪ್ರಾಚೀನರಿಗೆ ಬ್ಯಾಕ್ಟೀರಿಯವು ತಿಳಿದಿದ್ದಿತೆಂದು ನಾನು ವಾದಿಸುವುದಿಲ್ಲ, ತಿಳಿದಿರಲಿಲ್ಲ. ಆದರೆ ಅಗ್ನಿಯು ಕೆಟ್ಟರೆ ಆರೋಗ್ಯವು ಕೆಡುವುದೆಂಬುದನ್ನೂ, ಒಬ್ಬನ ಪಥ್ಯವು ಇನ್ನೊಬ್ಬನ ಅಪಥ್ಯವಾಗಬಹುದೆಂಬುದನ್ನೂ ಅವರು ಅನುಭವದಿಂದ ಕಂಡಿದ್ದರು. ದೇಹದ ಕಾವಲಿನ ಶೋಧನೆಗಾಗಿ 1908ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ರಷ್ಯದ ಮೆಚ್ನಿಕಾಫನು, ಮೊಸರಿನಲ್ಲಿರುವ ಸೂಕ್ಷ್ಮಜೀವಿಗಳು ಮನುಷ್ಯನ ಕರುಳಿಗೆ ಹಿತಕರವೆಂದು ಬಹುವಾಗಿ ಪ್ರತಿಪಾದಿಸಿದನು. ನಮ್ಮ ಮನೆಗಳಲ್ಲಿ ಮೊಸರಿಲ್ಲದೆ ಊಟವು ಮುಗಿಯುವುದೇ ಇಲ್ಲ. ಅದೇ ಮೊಸರು ಆಮೆಗೆ ವಿಷದಂತಾಯಿತು. ಹಾಗಾದರೆ ಮೊಸರು ಒಳ್ಳೆಯದೋ ಕೆಟ್ಟದೋ? ಪ್ರಶ್ನೆಯನ್ನು ಹೀಗೆ ಕೇಳುವುದೇ ತಪ್ಪು. ‘ಯಾರಿಗೆ?’ ಎಂಬ ಮಾತನ್ನು ಸೇರಿಸಿದ ಮೇಲೆಯೇ ಅದಕ್ಕೆ ಉತ್ತರವು ಸಾಧ್ಯ.

ಈಗ ಮೊದಲಿನ ಧರ್ಮಪ್ರಶ್ನೆಗೆ ಬರೋಣ. ಇಲ್ಲಿ ಮೂರು ಆಕ್ಷೇಪಗಳು ಏಳುತ್ತವೆ.

ಮೊದಲನೆಯದು: ಕರ್ಮದ ಗುಣವು ಭಾವವನ್ನು ಅನುಸರಿಸುತ್ತದೆ, ಕೊಲ್ಲುವ ಭಾವವಿಲ್ಲದವನಿಗೆ ಕೊಂದ ಪಾಪವೆಲ್ಲಿಯದು? ಇದಕ್ಕೆ ಸಮಾಧಾನವೇನೆಂದರೆ, ಭಾವವು ಮಾಡುವವನ ಮನಸ್ಸಿಗೆ ಸೇರಿದುದು, ಫಲವು ಅನುಭವಿಸುವವನ ಮೈಗೆ ಸೇರಿದುದು. ನನ್ನ ಭಾವವು ಶುದ್ಧವಾಗಿದ್ದಿತೆಂಬುದರಿಂದ ಆಮೆಯ ಒಂದು ದಿನದ ಭೇದಿಯೂ ಕಡಮೆಯಾಗಲಿಲ್ಲ. ಭಾವಶುದ್ಧಿಯು ನನ್ನನ್ನು ಕ್ರೌರ್ಯದ ದೋಷದಿಂದ ಬಿಡಿಸೀತು. ಅಲಕ್ಷ್ಯದ ದೋಷದಿಂದ ಬಿಡಿಸಲಾರದು. ಅಜ್ಞಾನದಲ್ಲಿ ಎರಡು ಬಗೆಯುಂಟು. ಎಷ್ಟು ಪ್ರಯತ್ನಪಟ್ಟರೂ ತಿಳಿಯಲಾಗದ ಅಜ್ಞಾನವೊಂದು, ಕೇಳಿದ್ದರೆ ತಿಳಿಯುತ್ತಿದ್ದ ಅಜ್ಞಾನವೊಂದು. ಮೊದಲನೆಯದಕ್ಕೆ ಕ್ಷಮೆಯುಂಟು. ನನ್ನದು ಎರಡನೆಯದು. ಅಂದು ಪಶುವೈದ್ಯಶಾಲೆಯು ನಮ್ಮ ಮನೆಗೆ ದೂರವಿರಲಿಲ್ಲ. ಅದಕ್ಕಿಂತ ನಾಚಿಕೆಯ ಮಾತನ್ನು ಹೇಳುತ್ತೇನೆ. ಆಮೆಯನ್ನು ತಂದ ಹುಡುಗನು ಹೊಲದಲ್ಲಿ ಬೆಳೆದವನು. ಅದು ಬದುವಿನ ಮೇಲೆ ಹುಲ್ಲು ಮೇಯುವುದನ್ನು ಎಷ್ಟೋ ಸಲ ಕಂಡವನು. ಅವನೊಬ್ಬನನ್ನು ಕೇಳಿದ್ದರೆ ಸಾಕಾಗಿತ್ತು. ನಾಲ್ಕು ಜನಕ್ಕೆ ಪಾಠ ಹೇಳುವ ನನಗೆ, ಶಿಷ್ಯನನ್ನು “ಇದು ಏನು ತಿನ್ನುತ್ತದೆಯಪ್ಪ?” ಎಂದು ಕೇಳಬೇಕೆಂದು ತೋಚಲೇ ಇಲ್ಲ.

ನೃಗನ ಕಥೆಯು ಈಗ ನನಗೆ ಬೇರೊಂದು ರೀತಿಯಾಗಿ ಕಾಣುತ್ತದೆ. ಪರರ ಹಸುವೆಂದು ಅವನಿಗೆ ತಿಳಿಯದೆ ಹೋದುದು ಏಕೆ? ಎಣಿಕೆಗೆ ಸಿಕ್ಕದಷ್ಟು ಹಸುಗಳನ್ನು ಕೊಡುವ ಸಂಭ್ರಮದಲ್ಲಿ, ಕೊಡುವ ಒಂದು ಹಸುವನ್ನು ಕಣ್ಣಿಟ್ಟು ನೋಡುವುದಕ್ಕೆ ಬಿಡುವಿರಲಿಲ್ಲ. ದಾನದಲ್ಲಿ ಅವನ ದೃಷ್ಟಿಯು ದಾನಿಯ ಮೇಲಿದ್ದಿತು. ನನ್ನ ದೃಷ್ಟಿಯೂ ಹಾಗೆಯೇ, ಆಮೆ ತಿನ್ನುವುದನ್ನು ನೋಡಿ ನನಗಾಗುತ್ತಿದ್ದ ಸಂತೋಷದ ಮೇಲಿದ್ದಿತು. ಗೀತೆಯ 17ನೆಯ ಅಧ್ಯಾಯದಲ್ಲಿ ಸಾತ್ವಿಕ ದಾನಕ್ಕೆ ದೇಶ, ಕಾಲ, ಪಾತ್ರ ಮೂರನ್ನೂ ನೋಡತಕ್ಕದ್ದೆಂದು ಹೇಳಿದೆ. ಪಾತ್ರವೆಂದರೆ ಯೋಗ್ಯತೆಯುಳ್ಳವನೆಂದು ನಾವು ಇದುವರೆಗೆ ಅರ್ಥಮಾಡಿದ್ದೇವೆ. ಪಾತ್ರವೆಂಬ ಶಬ್ದಕ್ಕೆ ಪಾತ್ರೆಯೆಂಬ ಅರ್ಥವೂ ಉಂಟಷ್ಟೆ. ಹುಳಿಯನ್ನು ತಾಮ್ರದ ಪಾತ್ರೆಯಲ್ಲಿಡಬಾರದೆಂದು ಮನೆಯ ಹೆಂಗಸರೆಲ್ಲರೂ ಬಲ್ಲರು. ಕೊಡುವ ವಸ್ತುವನ್ನು ತಾಳುವ ಪಾತ್ರೆ ಎಂಥದು ಎಂದು ನೋಡುವುದೂ ಪಾತ್ರವಿಚಾರದಲ್ಲಿ ಸೇರಬೇಕು.

ಎರಡನೆಯ ಆಕ್ಷೇಪ: ಹೀಗೆ ಎಲ್ಲವನ್ನೂ ತಿಳಿದ ಮೇಲೆಯೇ ದಯೆ ತೋರಬೇಕೆಂದರೆ ಲೋಕದಲ್ಲಿ ದಯೆಯೇ ನಿಂತುಹೋದೀತು, ಹಸಿದು ಬಂದವನಿಗೆ ಅನ್ನವಿಡುವ ಮುಂಚೆ ಅವನ ಕರುಳನ್ನು ಪರೀಕ್ಷಿಸಬೇಕೆ? ಬೇಡ. ಮನುಷ್ಯನ ಹಸಿವಿಗೆ ನಮ್ಮ ಹಸಿವೇ ಸಾಕ್ಷಿ. ತನ್ನಂತೆಯೇ ಇತರರ ಸುಖದುಃಖಗಳನ್ನು ಕಾಣುವುದನ್ನು ಹಿರಿಯರು ಆತ್ಮೌಪಮ್ಯವೆಂದರು. ಅದು ಧರ್ಮದ ಬೇರು. ಆದರೆ ಅದಕ್ಕೊಂದು ಎಲ್ಲೆಯುಂಟು. ಆಮೆಯನ್ನು ಹೊಡೆದರೆ ನೋಯುತ್ತದೆ, ಹೆದರಿಸಿದರೆ ಹೆದರುತ್ತದೆ, ಕಟ್ಟಿಹಾಕಿದರೆ ತಪ್ಪಿಸಿಕೊಳ್ಳಹವಣಿಸುತ್ತದೆ. ಇವುಗಳಲ್ಲಿ ಅದು ನನ್ನಂತೆಯೇ. ಅದಕ್ಕೆ ಏನು ಹಿತ, ಏನು ರುಚಿ, ಎಷ್ಟು ಬಿಸಿಲು, ಎಂಥ ನೆಲ ಎಂಬುದರಲ್ಲಿ ಅದು ನನ್ನಂತಲ್ಲ. ನೋವಿನ ವಿಷಯದಲ್ಲಿ ಆತ್ಮೌಪಮ್ಯವನ್ನೂ, ಆಹಾರದ ವಿಷಯದಲ್ಲಿ ಸಾತ್ಮ್ಯವನ್ನೂ ನೋಡತಕ್ಕದ್ದು. ಮೊದಲನೆಯದನ್ನು ಬಿಟ್ಟರೆ ಕ್ರೌರ್ಯ. ಎರಡನೆಯದನ್ನು ಬಿಟ್ಟರೆ ಮೂಢದಯೆ. ಕೆಡುಕು ಎರಡರಿಂದಲೂ ಬರುತ್ತದೆ. ಸಾತ್ಮ್ಯವು ತಿಳಿಯದಿರುವಾಗ ಏನು ಮಾಡಬೇಕು? ಬಲ್ಲವರನ್ನು ಕೇಳಬೇಕು. ಅದೂ ಆಗದಿದ್ದರೆ ಆ ಪ್ರಾಣಿಯನ್ನು ಅದರ ಪಾಡಿಗೆ ಬಿಡುವುದೇ ದಯೆ. ಹೆಬ್ಬಾವು ಒಂದು ದೊಡ್ಡ ಊಟವನ್ನು ನುಂಗಿ ವಾರಗಟ್ಟಲೆ, ಕೆಲವು ವೇಳೆ ತಿಂಗಳುಗಟ್ಟಲೆ, ನಿರಾಹಾರವಾಗಿರುತ್ತದೆ. ಬರ್ಮಾ ದೇಶದ ಹೆಬ್ಬಾವುಗಳಲ್ಲಿ ಉಪವಾಸಕ್ಕೊಂದು, ಊಟಕ್ಕೊಂದು ಎಂಬಂತೆ ಕರುಳಿನ ಸೂಕ್ಷ್ಮಜೀವಿಗಳ ಪ್ರಮಾಣವೇ ಮಾರ್ಪಡುತ್ತದೆಂದು 2010ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತು. ಅಂಥ ಪ್ರಾಣಿಯ ಉಪವಾಸವನ್ನು ಕಂಡು ಮರುಗುವವನು ಅದರ ವ್ರತವನ್ನು ಅರಿಯದವನು.

ಮೂರನೆಯ ಆಕ್ಷೇಪವು ಭಕ್ತರದು. ನಾಗರಪಂಚಮಿಯ ದಿನ ನಾವು ಹಾಲೆರೆಯುವುದು ದೇವರಿಗೆ. ಅದರಲ್ಲಿ ಹಾವಿನ ಜೀರ್ಣಶಕ್ತಿಯ ವಿಚಾರವೇಕೆ? ಅರಳಿಕಟ್ಟೆಯ ನಾಗರಕಲ್ಲಿಗೆ ಎರೆದರೆ ಈ ಮಾತು ಸರಿ, ಕಲ್ಲಿಗೆ ಅಜೀರ್ಣವಿಲ್ಲ. ಹುತ್ತದ ಬಾಯಿಗೆ ಸುರಿದರೆ ಒಳಗಿರುವ ಜೀವವು ತೊಯ್ದು ತೊಳಲುತ್ತದೆ. ಬುಟ್ಟಿಯ ಹಾವಿನ ವಿಷಯವು ಇನ್ನೂ ಕಷ್ಟ. ಹಾವು ಹಾಲನ್ನು ಬಯಸುವ ಪ್ರಾಣಿಯಲ್ಲ. ಹಲವು ದಿನ ನೀರನ್ನು ಕೊಡದೆ ಬಾಯಾರಿಸಿಟ್ಟ ಹಾವು ಎದುರಿಗೆ ಬಂದ ದ್ರವವನ್ನು ಕುಡಿಯುತ್ತದೆ. ಅದನ್ನು ನಾವು ಪ್ರಸಾದಸ್ವೀಕಾರವೆಂದು ತಿಳಿದು ಕೈಮುಗಿಯುತ್ತೇವೆ. ಆ ಹಾಲು ಕರುಳಿನಲ್ಲಿ ಜೀರ್ಣವಾಗದು. ಶ್ವಾಸಕೋಶಕ್ಕೆ ಹೋದರೆ ರೋಗವನ್ನು ತರುತ್ತದೆ. ಹಲ್ಲು ಕಿತ್ತ ಬಾಯಿಯ ಹುಣ್ಣು ಇದರ ಮೇಲೆ. 1972ರ ಕಾಯಿದೆಯು ಹಾವುಗಳನ್ನು ಹಿಡಿದಿಡುವುದನ್ನು ನಿಷೇಧಿಸಿದೆ. ಕಲ್ಲಿನ ನಾಗರನನ್ನು ಪೂಜಿಸಿ ಜೀವಂತ ನಾಗರನನ್ನು ಕೊಲ್ಲುವವರ ವೈಪರೀತ್ಯವನ್ನು ಬಸವಣ್ಣನವರು 12ನೆಯ ಶತಮಾನದಲ್ಲಿಯೇ ಎತ್ತಿ ತೋರಿಸಿದರು. ಪೂಜಿಸುತ್ತಲೇ ಕೊಲ್ಲುವ ಬಗೆಯೊಂದು ಇದೆಯೆಂಬುದನ್ನು ನಾವು ಅದರ ಸಂಗಡ ಸೇರಿಸಿಕೊಳ್ಳಬೇಕಾಗಿದೆ. ಹಬ್ಬವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಹಾಲನ್ನು ಕಲ್ಲಿಗೆರೆದು, ಉಳಿದುದನ್ನು ಮಕ್ಕಳಿಗೆ ಕೊಟ್ಟು, ಹುತ್ತವನ್ನು ಅಗೆಯದೆ ಬಿಟ್ಟರೆ ನಾಗನಿಗೆ ಅದಕ್ಕಿಂತ ಮಿಗಿಲಾದ ನೈವೇದ್ಯವಿಲ್ಲ.

ಇಷ್ಟನ್ನು ಕೇಳಿದ ಮೇಲೆ, “ಹಾಗಾದರೆ ಮನೆಯಲ್ಲಿರುವ ಆಮೆಯನ್ನು ಈಗಲೇ ಹೊಲಕ್ಕೆ ಬಿಟ್ಟುಬರುತ್ತೇವೆ” ಎಂದು ಯಾರಾದರೂ ಹೊರಡಬಹುದು. ಅದರಲ್ಲಿಯೂ ವಿವೇಕವು ಬೇಕು. ಅಂದದ ಚಿಪ್ಪಿಗಾಗಿ ಈ ಆಮೆಗಳನ್ನು ಹಿಡಿದು ದೇಶಾಂತರಗಳಿಗೆ ಕದ್ದು ಸಾಗಿಸುವ ವ್ಯಾಪಾರವು ದೊಡ್ಡದು. ಅದನ್ನು ತಡೆಯುವುದಕ್ಕಾಗಿಯೇ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವು 2019ರಲ್ಲಿ ನಕ್ಷತ್ರದ ಆಮೆಯನ್ನು ಅತ್ಯಂತ ಬಿಗಿಯಾದ ಮೊದಲನೆಯ ಅನುಬಂಧದಲ್ಲಿ ಸೇರಿಸಿತು. ಅದರ ಹಿಂದಿನ ವರ್ಷ, 2018ರ ನವೆಂಬರಿನಲ್ಲಿ, ಸಿಂಗಪುರದಲ್ಲಿ ಸಿಕ್ಕ 51 ನಕ್ಷತ್ರದ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ತಂದು ನಮ್ಮ ರಾಜ್ಯಕ್ಕೆ ಒಪ್ಪಿಸಿದರು. ತಂದವರು ಅವನ್ನು ಕೂಡಲೆ ಕಾಡಿಗೆ ಬಿಡಲಿಲ್ಲ. ಮೊದಲು ಪ್ರತ್ಯೇಕವಾಗಿಟ್ಟು ಆರೈಕೆ ಮಾಡುವ ಏರ್ಪಾಡಾಯಿತು. ಅನ್ಯರ ಮನೆಗಳಲ್ಲಿ ಬೆಳೆದ ಆಮೆಯ ಹೊಟ್ಟೆಯಲ್ಲಿ ಅನ್ಯ ಸೂಕ್ಷ್ಮಜೀವಿಗಳು ಸೇರಿರಬಹುದು, ರೋಗವೂ ಅಂಟಿರಬಹುದು, ಅವು ಕಾಡಿನ ಬಳಗಕ್ಕೆ ಹರಡಿದರೆ ಒಂದನ್ನು ಉಳಿಸಲು ಹೋಗಿ ನೂರನ್ನು ಕಳೆದುಕೊಂಡಂತಾದೀತು. ಆದುದರಿಂದ ಯಾರ ಮನೆಯಲ್ಲಿ ಇಂಥ ಪ್ರಾಣಿಯಿದ್ದರೂ ಅರಣ್ಯ ಇಲಾಖೆಯವರಿಗೆ ಒಪ್ಪಿಸತಕ್ಕದ್ದು. ಹಾದಿಯಲ್ಲಿ ಕಂಡುದನ್ನು ಎತ್ತದಿರುವುದು ಎಲ್ಲಕ್ಕಿಂತ ಮೇಲು.

ನಮ್ಮ ಮೈಯಿಂದ ಅವಕ್ಕೆ ಹೇಗೋ ಅವುಗಳ ಮೈಯಿಂದ ನಮಗೂ ಹಾಗೆಯೇ. ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯವು ಅನೇಕ ಆಮೆ ಓತಿಗಳ ಕರುಳಿನಲ್ಲಿ ಅವಕ್ಕೆ ಬಾಧೆಯಿಲ್ಲದಂತೆ ಇರುತ್ತದೆ. ನಮ್ಮ ಮಕ್ಕಳ ಹೊಟ್ಟೆಗೆ ಸೇರಿದರೆ ಕಾಯಿಲೆ. ಈ ಕಾರಣದಿಂದಲೇ ಅಮೆರಿಕದಲ್ಲಿ 1975ರಿಂದ 4 ಅಂಗುಲಕ್ಕಿಂತ ಚಿಕ್ಕ ಆಮೆಗಳನ್ನು ಸಾಕುವುದಕ್ಕಾಗಿ ಮಾರುವುದನ್ನು ನಿಷೇಧಿಸಿದ್ದಾರೆ. ಒಂದೇ ಜೀವಿಯು ಒಂದು ಮನೆಯಲ್ಲಿ ಒಕ್ಕಲು, ಇನ್ನೊಂದು ಮನೆಯಲ್ಲಿ ಕಳ್ಳ. ಮನುಷ್ಯನ ಮೈಯಲ್ಲಿಯೂ ಅವನ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿಯಾದರೆ, ಅವನೊಳಗಿನ ಬ್ಯಾಕ್ಟೀರಿಯಗಳು ಸುಮಾರು 38 ಲಕ್ಷ ಕೋಟಿಯೆಂದು 2016ರ ಲೆಕ್ಕವೊಂದು ಹೇಳುತ್ತದೆ. ಹೀಗಿರುವಾಗ ‘ನಾನು ತಿಂದೆ’, ‘ನಾನು ಬದುಕಿದೆ’ ಎಂಬ ಮಾತುಗಳಲ್ಲಿ ‘ನಾನು’ ಯಾರು? ಆತ್ಮವಿಚಾರವು ಬೇರೆ; ದೇಹದ ಮಟ್ಟಿಗಂತೂ ಒಬ್ಬೊಬ್ಬನೂ ಒಂದು ಸಂಸಾರವೇ. ಒಂದು ಪ್ರಾಣಿಗೆ ಒಂದು ತುತ್ತನ್ನು ಕೊಡುವವನು ಕಣ್ಣಿಗೆ ಕಾಣದ ಒಂದು ಊರಿಗೇ ಕೊಡುತ್ತಾನೆ. ಆ ಊರಿನ ರೀತಿಯನ್ನು ವಿಚಾರಿಸದೆ ಒಳಗೆ ಕೈಯಿಡುವ ಅಧಿಕಾರವು ನಮಗಿಲ್ಲ.

ಬಂಡೀಪುರದ ಹೆದ್ದಾರಿಯಲ್ಲಿ ಊಟಿಗೋ ವಯನಾಡಿಗೋ ಹೋಗುವವರು ಗಾಡಿ ನಿಲ್ಲಿಸಿ ಕೋತಿಗಳಿಗೂ ಜಿಂಕೆಗಳಿಗೂ ಬಿಸ್ಕತ್ತು ಬಾಳೆಹಣ್ಣುಗಳನ್ನು ಎಸೆಯುವುದನ್ನು ನಾವು ಕಂಡಿದ್ದೇವೆ. ಬೇಡವೆಂದು ಫಲಕಗಳಿದ್ದರೂ ಎಸೆಯುತ್ತಾರೆ. ಅವರ ಮುಖಗಳಲ್ಲಿ ನನ್ನ ಪಡಸಾಲೆಯ ಸಂತೋಷವೇ ಕಾಣುತ್ತದೆ. ಅವರನ್ನು ದುಷ್ಟರೆನ್ನಲು ನನಗೆ ನಾಲಗೆ ಬಾರದು. ನಿಲ್ಲಿಸಿ, ಸಮಾಧಾನದಿಂದ ಹೇಳಬೇಕೆಂದು ಮಾತ್ರ ತೋರುತ್ತದೆ.

ನೃಗನನ್ನು ಬಾವಿಯಿಂದ ಎತ್ತುವುದಕ್ಕೆ ಶ್ರೀಕೃಷ್ಣನೇ ಬರಬೇಕಾಯಿತು. ನಮ್ಮಂಥವರಿಗೆ ಅಂಥ ಬಿಡುಗಡೆಯು ದೊರೆಯಲಿಕ್ಕಿಲ್ಲ. ಮಾಡಿದುದನ್ನು ತಪ್ಪೆಂದು ಒಪ್ಪಿಕೊಂಡು ನಾಲ್ಕು ಜನಕ್ಕೆ ತಿಳಿಯಹೇಳುವುದೇ ನನಗೆ ಉಳಿದಿರುವ ಪ್ರಾಯಶ್ಚಿತ್ತ; ಆದುದರಿಂದ ಇದನ್ನು ಬರೆದಿದ್ದೇನೆ. ವೈದ್ಯಮಿತ್ರರ ಮಾತನ್ನು ಮನೆಯಲ್ಲಿ ಹೇಳಿದ ದಿನ ನನ್ನ ಮನೆಯಾಕೆಯು ತೆಂಗಿನ ಮರದ ಕಡೆ ನೋಡುತ್ತ, “ಬಡಿಸುವುದಕ್ಕೆ ಮುಂಚೆ ಅದಕ್ಕೇನು ಬೇಕೆಂದು ಕೇಳಬೇಕಾಗಿತ್ತು, ನೋಡಿ. ಮನೆಗೆ ಬಂದ ನೆಂಟರನ್ನಾದರೆ ಕೇಳುತ್ತಿರಲಿಲ್ಲವೆ?” ಎಂದಳು. ಇಷ್ಟು ಪುಟಗಳಲ್ಲಿ ನಾನು ಹೇಳಹೊರಟದ್ದು ಆ ಒಂದು ಮಾತಿನಲ್ಲಿಯೇ ಇದೆ.